ಅಂಧೇರಿಯ ಒಂದು ಜೆನೆಟಿಕ್ ಲ್ಯಾಬು, ನಮ್ಮ ಮೊಮ್ಮಗನ ಮೂರು ಪರೀಕ್ಷೆಗಳು

ಕಳೆದ ಮಳೆಗಾಲದಲ್ಲಿ ಹುಟ್ಟಿದ ನಮ್ಮ ಮೊಮ್ಮಗನಿಗಾಗಿ ಅಂಧೇರಿ ಪೂರ್ವದ ಒಂದು ಖಾಸಗಿ ಜೆನೆಟಿಕ್ ಲ್ಯಾಬಿನಲ್ಲಿ ನಾಲ್ಕು ತಿಂಗಳೊಳಗೆ ಮೂರು ಪರೀಕ್ಷೆಗಳನ್ನು ಮಾಡಿಸಿದೆವು. ಲ್ಯಾಬಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಯಂತ್ರಗಳ ಬಗ್ಗೆಯಾಗಲಿ ತಜ್ಞರ ಬಗ್ಗೆಯಾಗಲಿ ನನಗೆ ದೂರಿಲ್ಲ. ದೂರು ಇರುವುದು ಪರೀಕ್ಷೆಯನ್ನು ಆರಿಸಿಕೊಡುವ ಕ್ರಮದ ಬಗ್ಗೆ. ಇಂಥ ಲ್ಯಾಬಿನ ಬಾಗಿಲಿಗೆ ಹೋಗಬೇಕಾಗಿ ಬರುವ ಮುಂಬಯಿ ಕನ್ನಡಿಗರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮಗುವಿನ ಮೈ ಹುಟ್ಟಿನಿಂದಲೇ ತೀರ ಮೆತ್ತಗಿತ್ತು. ಎತ್ತಿಕೊಂಡರೆ ತೋಳಿನಿಂದ ಜಾರಿದಂತಾಗುತ್ತಿತ್ತು, ಅಳು ಕೇಳಿಸುತ್ತಲೇ ಇರಲಿಲ್ಲ, ಹಾಲು ಚೀಪುವ ಶಕ್ತಿಯಿಲ್ಲದೆ ಮೂರು ವಾರ ಮೂಗಿನ ನಳಿಕೆಯಿಂದಲೇ ಹಾಲು ಕೊಡಬೇಕಾಯಿತು. ವೃಷಣಗಳು ಕೆಳಗಿಳಿದಿರಲಿಲ್ಲ. ಮಕ್ಕಳ ಡಾಕ್ಟರು ಚೀಟಿಯಲ್ಲಿ ಸ್ನಾಯುಗಳ ಬಿಗಿ ಕಡಿಮೆಯೆಂದು ಬರೆದು, ಅದರ ಕೆಳಗೆ ಜೆನೆಟಿಕ್ ಪರೀಕ್ಷೆ ಮಾಡಿಸಿ ಎಂದಷ್ಟೇ ಸೂಚಿಸಿದ್ದರು. ಯಾವ ಪರೀಕ್ಷೆ ಎಂಬುದನ್ನು ಬರೆದಿರಲಿಲ್ಲ. ನನ್ನ ಅಳಿಯ ಲ್ಯಾಬಿಗೆ ಫೋನ್ ಮಾಡಿದಾಗ ಬುಕಿಂಗ್ ತೆಗೆದುಕೊಳ್ಳುವ ಹುಡುಗಿ ಚೀಟಿಯ ಫೋಟೋ ತರಿಸಿಕೊಂಡು, ಎರಡೇ ನಿಮಿಷದಲ್ಲಿ, ಎಲ್ಲ ಜೀನ್‌ಗಳನ್ನೂ ಒಂದೇ ಸಲಕ್ಕೆ ನೋಡಿಬಿಡುವ ಟೆಸ್ಟ್ ಇದೆಯೆಂದು ಹೇಳಿ ಎಕ್ಸೋಮ್ ಸೀಕ್ವೆನ್ಸಿಂಗ್ (ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಗೆ ಬೇಕಾದ ಭಾಗಗಳನ್ನು ಅಕ್ಷರಕ್ಷರವಾಗಿ ಓದುವ ಪರೀಕ್ಷೆ) ಬುಕ್ ಮಾಡಿದಳು. ಬೆಲೆ 26,000 ರೂಪಾಯಿ. ಒಂದೇ ಸಲಕ್ಕೆ ಎಲ್ಲವೂ ಎಂದ ಮೇಲೆ ಹೆಚ್ಚೇನೂ ಅಲ್ಲವೆಂದು ಆಗ ನಮಗೂ ಅನ್ನಿಸಿತ್ತು.

ರಕ್ತ ತೆಗೆದುಕೊಂಡು ಹೋಗುವ ವ್ಯವಸ್ಥೆಯನ್ನು ಮಾತ್ರ ಮನಸಾರೆ ಹೊಗಳಬೇಕು. ಅಂಥ ಕೂಸನ್ನು ಎತ್ತಿಕೊಂಡು ಡೊಂಬಿವಲಿಯಿಂದ ಲೋಕಲ್‌ನಲ್ಲಿ ಅಂಧೇರಿಗೆ ಹೋಗಿಬರುವುದು ಆಗದ ಮಾತು. ಠಾಣೆಯ ಕೇಂದ್ರದಿಂದ ಹೇಳಿದ ಹೊತ್ತಿಗೆ ಬಂದ ಯುವಕ ಮೊದಲ ಪ್ರಯತ್ನದಲ್ಲೇ ಸೂಜಿ ಹಾಕಿ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮಿಲಿ ರಕ್ತ ತೆಗೆದು, ಮಗುವಿನ ಹೆಸರನ್ನು ಎರಡು ಸಲ ಓದಿ ಹೇಳಿಸಿ ಚೀಟಿ ಅಂಟಿಸಿದ. ಒಪ್ಪಿಗೆ ಪತ್ರದಲ್ಲಿ, ಮಾದರಿಯನ್ನು ಸಂಶೋಧನೆಗೂ ಬಳಸಬಹುದು ಎಂಬ ಚೌಕದಲ್ಲಿ ಮಾತ್ರ ಮೊದಲೇ ಟಿಕ್ ಹಾಕಿತ್ತು. ಅದು ಸರಿಯಲ್ಲ. ನಾವು ಕೊಡುವುದಿಲ್ಲವೆಂದಲ್ಲ, ಕೊಡುತ್ತೀರಾ ಎಂದು ನಮ್ಮನ್ನು ಕೇಳಬೇಕಿತ್ತು.

ಐದು ವಾರಕ್ಕೆ ಹದಿನಾಲ್ಕು ಪುಟಗಳ ರಿಪೋರ್ಟ್ ಬಂತು. ಮಗುವಿನ ಲಕ್ಷಣಗಳಿಗೆ ಕಾರಣವಾಗಬಲ್ಲ ರೋಗಕಾರಕ ಡಿಎನ್‌ಎ ವ್ಯತ್ಯಾಸ ಯಾವುದೂ ಕಂಡುಬಂದಿಲ್ಲವೆಂದು ಮೊದಲ ಪುಟದಲ್ಲೇ ಇತ್ತು. ಅಳಿಯನ ತಾಯಿ ಉಡುಪಿಯಿಂದ ಫೋನ್ ಮಾಡಿ ಮಠದಲ್ಲಿ ಸೇವೆ ಮಾಡಿಸುತ್ತೇನೆಂದರು. ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಷರತ್ತುಗಳನ್ನು ಓದದೆ ಕಾಗದವನ್ನು ಮಡಿಸಿಡುವ ಅಭ್ಯಾಸವಿಲ್ಲ. ಹದಿಮೂರನೆಯ ಪುಟದ ಸಣ್ಣಕ್ಷರಗಳಲ್ಲಿ, ಈ ಪರೀಕ್ಷೆಯು ಜೀನ್‌ಗಳನ್ನು ಸುಮ್ಮನಾಗಿಸುವ ರಾಸಾಯನಿಕ ಗುರುತಾದ ಮಿಥೈಲೇಷನ್‌ನ ಬದಲಾವಣೆಗಳನ್ನು, ಒಂದು ಜೋಡಿಯ ಎರಡೂ ವರ್ಣತಂತುಗಳು ಒಬ್ಬರೇ ಪಾಲಕರಿಂದ ಬಂದಿರುವುದನ್ನು ಮತ್ತು ಡಿಎನ್‌ಎಯ ತುಣುಕೊಂದು ಅತಿಯಾಗಿ ಪುನರಾವರ್ತನೆಯಾಗಿರುವುದನ್ನು ಪತ್ತೆಹಚ್ಚುವುದಿಲ್ಲ ಎಂದಿತ್ತು. ಎಲ್ಲವನ್ನೂ ನೋಡುವ ಟೆಸ್ಟ್ ಎಂದು ಫೋನಿನಲ್ಲಿ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗಲಿಲ್ಲ.

ಪರೀಕ್ಷೆಯ ಅರ್ಥವನ್ನು ಮನೆಯವರಿಗೆ ಬಿಡಿಸಿ ಹೇಳುವ ಲ್ಯಾಬಿನ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತನಾಡುವ ಅವಕಾಶ ರಿಪೋರ್ಟ್ ಬಂದ ಮೇಲೆ ಸಿಗುತ್ತದೆ, ಅದೂ ಕೇಳಿದವರಿಗೆ. ಈ ಸೇವೆಯಲ್ಲಿ ಅತ್ಯುತ್ತಮವಾದದ್ದು ಯಾವುದು ಎಂದರೆ ಆ ಒಂದು ಗಂಟೆಯ ಭೇಟಿಯೇ. ಪುಣೆ ಕಡೆಯ ಆ ಹುಡುಗಿ ನನ್ನನ್ನು ಕಾಕಾ ಎಂದು ಕರೆದು, ಮೂರು ತಲೆಮಾರಿನ ವಂಶವೃಕ್ಷವನ್ನು ಕಾಗದದ ಮೇಲೆ ಬರೆದುಕೊಂಡಳು. ಸಂಬಂಧದಲ್ಲೇ ಮದುವೆಯಾಗಿದೆಯೇ ಎಂದು ಕೇಳಿದಾಗ ನನ್ನ ಹೆಂಡತಿಗೆ ಸ್ವಲ್ಪ ಸಿಟ್ಟು ಬಂತು. ಆದರೆ ನನ್ನ ತಂದೆಗೆ ನನ್ನ ತಾಯಿ ಸೋದರಮಾವನ ಮಗಳು, ಮುಚ್ಚಿಡುವಂಥದ್ದೇನೂ ಅಲ್ಲ. ರಕ್ತಸಂಬಂಧದ ಮದುವೆಯಲ್ಲಿ ತಂದೆತಾಯಿ ಇಬ್ಬರಿಂದಲೂ ಒಂದೇ ದೋಷವಿರುವ ಜೀನ್ ಮಗುವಿಗೆ ಬರುವ ಸಂಭವ ಹೆಚ್ಚು, ಹಾಗಾಗಿಯೇ ಆ ಪ್ರಶ್ನೆ ಎಂದು ಅವಳು ವಿವರಿಸಿದಳು. ನಮ್ಮ ಮಗಳು ಅಳಿಯ ಸಂಬಂಧಿಕರಲ್ಲವಾದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ರಿಪೋರ್ಟಿನ ಎರಡನೆಯ ಪುಟದಲ್ಲಿ ಅರ್ಥ ಅನಿಶ್ಚಿತವೆಂದು ನಮೂದಿಸಿದ್ದ ಒಂದು ವ್ಯತ್ಯಾಸವನ್ನು ನೋಡಿ ಮಗಳು ಒಂದು ವಾರ ನಿದ್ದೆಗೆಟ್ಟಿದ್ದಳು. ಅಮೆರಿಕದ ತಜ್ಞರ ಸಂಸ್ಥೆಗಳು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಇಂಥ ವ್ಯತ್ಯಾಸಗಳನ್ನು ರೋಗಕಾರಕದಿಂದ ನಿರುಪದ್ರವಿಯವರೆಗೆ ಐದು ದರ್ಜೆಗಳಲ್ಲಿ ಇಡುತ್ತಾರೆ, ಇದು ನಡುವಿನ ದರ್ಜೆ. ಅದನ್ನು ಆಧರಿಸಿ ಯಾವ ಚಿಕಿತ್ಸೆಯನ್ನೂ ನಿರ್ಧರಿಸಬಾರದು. ಜಗತ್ತಿನ ದತ್ತಸಂಗ್ರಹಗಳಲ್ಲಿ ಭಾರತೀಯರ ಡಿಎನ್‌ಎ ಕಡಿಮೆಯಿರುವುದರಿಂದ ನಮ್ಮವರಲ್ಲಿ ಸಾಮಾನ್ಯವಾಗಿರುವ ವ್ಯತ್ಯಾಸವೂ ಅಪರೂಪದ್ದೆಂದು ಕಾಣುವುದುಂಟು. ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದದ್ದರಿಂದ ಈ ಕೊರತೆ ಮುಂದೆ ಕಡಿಮೆಯಾಗಬಹುದೆಂದೂ ಕೌನ್ಸೆಲರ್ ಹೇಳಿದಳು. ಈ ನಾಲ್ಕು ಮಾತುಗಳನ್ನು ಆ ಪುಟದಲ್ಲೇ ಬರೆದಿದ್ದರೆ ಮಗಳ ಒಂದು ವಾರದ ನಿದ್ದೆ ಉಳಿಯುತ್ತಿತ್ತು.

ಆಮೇಲೆ ಅವಳು ಮಗುವಿನ ಲಕ್ಷಣಗಳನ್ನು ಮತ್ತೆ ಕೇಳಿ, ಡಾಕ್ಟರಿಗೆ ನಮ್ಮೆದುರೇ ಫೋನ್ ಮಾಡಿ, ಪ್ರೇಡರ್-ವಿಲ್ಲಿ ಸಿಂಡ್ರೋಮ್‌ಗಾಗಿ ಮಿಥೈಲೇಷನ್ ಪರೀಕ್ಷೆ ಮಾಡಿಸಲು ಸೂಚಿಸಿದಳು. ಹುಟ್ಟಿನಲ್ಲಿ ಮೈ ಮೆತ್ತಗಿದ್ದು ಮುಂದೆ ತಣಿಯದ ಹಸಿವು ತರುವ, 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ವಿವರಿಸಿದ ಕಾಯಿಲೆಯಿದು. ಹದಿನೈದನೆಯ ವರ್ಣತಂತುವಿನ ಒಂದು ಭಾಗದಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುವ ಕೆಲವು ಜೀನ್‌ಗಳಿವೆ. ತಾಯಿಯ ಪ್ರತಿಯಲ್ಲಿ ಅವುಗಳ ಮೇಲೆ ಮಿಥೈಲ್ ಗುಂಪುಗಳು ಕುಳಿತು ಅವನ್ನು ಸುಮ್ಮನಾಗಿಸಿರುತ್ತವೆ. ನನ್ನ ಹೆಂಡತಿಗೆ ನಾನು ಇದನ್ನು ಪಾಸ್‌ಬುಕ್ಕಿನ ಲೆಕ್ಕದಲ್ಲಿ ಹೇಳಿದೆ. ಎರಡು ಖಾತೆಗಳಲ್ಲೂ ಹಣ ಇದೆ, ತಾಯಿಯ ಖಾತೆಯನ್ನು ಮೊದಲಿನಿಂದಲೂ ತಡೆಹಿಡಿದಿದೆ, ಖರ್ಚು ನಡೆಯುವುದು ತಂದೆಯ ಖಾತೆಯಿಂದ. ಮಗುವಿಗೆ ತಂದೆಯ ಖಾತೆಯೇ ಬಾರದಿದ್ದರೆ ಮನೆ ನಡೆಯದು. ಎಕ್ಸೋಮ್ ಓದುವುದು ಪಾಸ್‌ಬುಕ್ಕಿನ ಅಂಕಿಗಳನ್ನು. ಅವು ಸರಿಯಾಗಿಯೇ ಇದ್ದವು. ತಡೆಯ ಮುದ್ರೆ ಅದಕ್ಕೆ ಕಾಣುವುದಿಲ್ಲ.

ಮಿಥೈಲೇಷನ್ ಪರೀಕ್ಷೆಗೆ 7,500 ರೂಪಾಯಿ, ಹನ್ನೊಂದು ದಿನ. ಮಿಥೈಲ್ ಇಲ್ಲದ ಡಿಎನ್‌ಎಯನ್ನು ಮಾತ್ರ ಕತ್ತರಿಸುವ ಒಂದು ಕಿಣ್ವವನ್ನು ಬಳಸಿ, ಕತ್ತರಿಸದೆ ಉಳಿದದ್ದೆಷ್ಟು ಎಂದು ಅಳೆಯುತ್ತಾರೆ. ನಮ್ಮ ಮಗುವಿನಲ್ಲಿ ತಾಯಿಯ ಕಡೆಯ ಗುರುತಷ್ಟೇ ಕಾಣಿಸಿತು, ಎಂದರೆ ಕಾಯಿಲೆ ಪ್ರೇಡರ್-ವಿಲ್ಲಿಯೇ. ಪ್ರೇಡರ್-ವಿಲ್ಲಿಯ ಪ್ರಕರಣಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚನ್ನು ಈ ಪರೀಕ್ಷೆ ಹಿಡಿಯುತ್ತದೆ. ಅಂದರೆ ಇದೇ ಮೊದಲು ಮಾಡಬೇಕಿದ್ದ ಪರೀಕ್ಷೆ, ಎಕ್ಸೋಮ್‌ನ ಮೂರನೆಯ ಒಂದಕ್ಕೂ ಕಡಿಮೆ ಬೆಲೆಯದ್ದು.

ವರ್ಣತಂತುವಿನ ತುಂಡು ಕಳೆದುಹೋಗಿರಲಿಲ್ಲ ಎಂಬುದೂ ಅದರಲ್ಲೇ ತಿಳಿಯಿತು. ಕಾರಣವನ್ನು ಖಚಿತಪಡಿಸಲು ಮಗಳು ಅಳಿಯ ಇಬ್ಬರ ರಕ್ತವನ್ನೂ ಪಡೆದು ಮೂರನೆಯ ಪರೀಕ್ಷೆ ನಡೆಸಿದರು. ಮಗುವಿನ ಹದಿನೈದನೆಯ ವರ್ಣತಂತುಗಳೆರಡೂ ತಾಯಿಯಿಂದಲೇ ಬಂದಿದ್ದವು. ಇದು ಗರ್ಭಧಾರಣೆಯ ಹೊತ್ತಿನ ಆಕಸ್ಮಿಕವೆಂದೂ, ಮುಂದಿನ ಮಗುವಿನಲ್ಲಿ ಮರುಕಳಿಸುವ ಸಂಭವ ಶೇಕಡಾ ಒಂದಕ್ಕಿಂತ ಕಡಿಮೆಯೆಂದೂ, ಈ ಮಿಥೈಲ್ ಗುರುತನ್ನು ನಿಯಂತ್ರಿಸುವ ಡಿಎನ್‌ಎ ಭಾಗದಲ್ಲೇ ದೋಷವಿದ್ದು ಅದು ತಂದೆಯಿಂದ ಬಂದಿದ್ದರೆ ಸಂಭವ ಅರ್ಧದಷ್ಟಾಗುತ್ತಿತ್ತೆಂದೂ ಕೌನ್ಸೆಲರ್ ಹೇಳಿದಾಗ, ಈ ಮೂರನೆಯ ಪರೀಕ್ಷೆಗೆ ಕೊಟ್ಟ ಹಣದ ಬಗ್ಗೆ ಯಾರಿಗೂ ಬೇಸರವೆನಿಸಲಿಲ್ಲ. ತಾಯಿಯ ವಯಸ್ಸು ಹೆಚ್ಚಾದಂತೆ ಇಂಥದ್ದು ಸ್ವಲ್ಪ ಹೆಚ್ಚುತ್ತದೆಂಬುದನ್ನು ಮೂವತ್ತೇಳರ ನನ್ನ ಮಗಳಿಗೆ ಅವಳು ಹೇಳಿದ ರೀತಿಯಲ್ಲಿ ದೂಷಣೆಯ ಸುಳಿವೂ ಇರಲಿಲ್ಲ.

ಮಗುವಿಗೆ ಈಗ ಬೆಳವಣಿಗೆಯ ಹಾರ್ಮೋನ್ ಕೊಡುವ ಬಗ್ಗೆ ಮಾತುಕತೆ ನಡೆದಿದೆ. ಎರಡು ಮೂರು ವರ್ಷ ಕಳೆದ ಮೇಲೆ ತಣಿಯದ ಹಸಿವು ಶುರುವಾಗಬಹುದೆಂದು ತಿಳಿದಿರುವುದರಿಂದ ಅಡುಗೆಮನೆಯ ಕಪಾಟುಗಳಿಗೆ ಬೀಗ ಹಾಕುವ ಮಾತನ್ನೂ ಆಡಿಕೊಂಡಿದ್ದೇವೆ. ಇವೆಲ್ಲವೂ ಐದು ವಾರ ಮೊದಲೇ ಆಗಬಹುದಿತ್ತು.

ಈ ಲ್ಯಾಬಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹಣ ಕಟ್ಟುವ ಮೊದಲು ಕೌನ್ಸೆಲರ್ ಜೊತೆ ಮಾತನಾಡಿಸಿ ಎಂದು ಪಟ್ಟುಹಿಡಿಯಿರಿ. ಆಗದು ಎಂದರೆ ಬುಕಿಂಗ್ ಬೇಡವೆನ್ನಿ. ಪರೀಕ್ಷೆಯ ಹೆಸರನ್ನು ಡಾಕ್ಟರೇ ಚೀಟಿಯಲ್ಲಿ ಬರೆಯಲಿ. ಖರ್ಚು ಭಾರವೆನಿಸುವವರು ಪರೇಲಿನ ಕೆಇಎಂ ಆಸ್ಪತ್ರೆಯಲ್ಲೂ ವಿಚಾರಿಸಬಹುದು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಅದು ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು. ನಾವು ಎಕ್ಸೋಮ್‌ಗೆ ಕಟ್ಟಿದ ಹಣದಲ್ಲಿ ಸ್ವಲ್ಪವಾದರೂ ಹಿಂತಿರುಗಿಸಿ ಎಂದು ಪತ್ರ ಬರೆದೆವು. ಪರೀಕ್ಷೆ ಸರಿಯಾಗಿಯೇ ನಡೆದಿದೆ, ಹಾಗಾಗಿ ಸಾಧ್ಯವಿಲ್ಲ ಎಂದು ಉತ್ತರ ಬಂತು. ಮೂರನೆಯ ಪರೀಕ್ಷೆಯ ಬಿಲ್ಲಿನಲ್ಲಿ ಮಾತ್ರ ಎರಡು ಸಾವಿರ ರೂಪಾಯಿ ಬಿಟ್ಟುಕೊಟ್ಟರು.