ಬೇಟೆ ನುಸಿಯ ಬಾಟಲಿ, ಸ್ಯಾಚೆ: ಹೂ ಬಲಿಯುವ ಗಾಂಜಾ ಗಿಡದಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ?

ಕೊಯ್ಲಿಗೆ ಇನ್ನೇನು ಎರಡು ಮೂರು ವಾರ ಇದೆ ಅನ್ನುವಾಗ ಜೇಡ ನುಸಿಯ (ಸ್ಪೈಡರ್ ಮೈಟ್) ಬಲೆ ಕಂಡು, ಗಾಬರಿಬಿದ್ದು ಅದನ್ನು ತಿನ್ನುವ ಬೇಟೆ ನುಸಿಯ ಬಾಟಲಿ ಆರ್ಡರ್ ಮಾಡಲು ಹೊರಟವರಿಗೆ ಮೊದಲೇ ಒಂದು ಮಾತು. ಬಾಟಲಿ ಕೆಲಸ ಮಾಡುತ್ತದೆ. ಆದರೆ ಅದರೊಳಗಿನ ಜೀವಕ್ಕೆ ಬೇಕಾದ ಹವೆ ಬೇರೆ, ಆ ಹೊತ್ತಿನಲ್ಲಿ ನಿಮ್ಮ ಹೂವಿಗೆ ಬೇಕಾದ ಹವೆ ಬೇರೆ. ಈ ಜಗಳವನ್ನು ಮಾರುವವರು ಯಾರೂ ಬಿಡಿಸಿ ಹೇಳುವುದಿಲ್ಲ. ಕೆಲವು ವರ್ಷಗಳಿಂದ ಬಳಸುತ್ತಿರುವ ನಾನು ಬರೆಯುತ್ತಿರುವುದು ಹೆಚ್ಚಾಗಿ ಅದರ ಬಗ್ಗೆಯೇ.

ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿದ ಕ್ಯಾನಬಿಸ್ ಕಾಯ್ದೆ ಜಾರಿಗೆ ಬಂದದ್ದು 2018ರ ಅಕ್ಟೋಬರ್ 17ರಂದು. ಒಂದು ಮನೆಗೆ ನಾಲ್ಕು ಗಿಡ. ಮನೆಯಲ್ಲಿ ಎಷ್ಟು ಜನ ಇದ್ದರೂ ನಾಲ್ಕೇ. ಪಕ್ಕದ ಕ್ವಿಬೆಕ್‌ನಲ್ಲಿ ಅದೂ ಇಲ್ಲ; ಅಲ್ಲಿನ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಭಾರತದಲ್ಲಂತೂ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಒಂದು ಗಿಡ ಬೆಳೆದರೂ ಅಪರಾಧ. ಹಾಗಾಗಿ ಊರಲ್ಲಿರುವವರು ನುಸಿಯ ಭಾಗವನ್ನು ಮಾತ್ರ ಓದಿಕೊಳ್ಳಿ. ನಿಮ್ಮ ಗುಲಾಬಿಗೆ, ಬೆಂಡೆಗೆ, ಬದನೆಗೆ ಬರುವುದೂ ಹೆಚ್ಚುಕಡಿಮೆ ಇದೇ ಜಾತಿ.

ಇದು ಎರಡು ಚುಕ್ಕೆಯ ಜೇಡ ನುಸಿ. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಎಂಟು ಕಾಲು, ಅಂದರೆ ಕೀಟ ಅಲ್ಲ, ಜೇಡದ ನೆಂಟ. ಎಲೆಯ ಅಡಿ ಕೂತು ಒಂದೊಂದೇ ಕೋಶ ಚುಚ್ಚಿ ರಸ ಹೀರುತ್ತದೆ. ಮೇಲಿಂದ ನೋಡಿದರೆ ಎಲೆಗೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೊಟ್ಟೆಯಿಂದ ಮೊಟ್ಟೆ ಇಡುವ ಹೆಣ್ಣಾಗಲು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ಗಂಡಿನ ಜೊತೆ ಸೇರದ ಹೆಣ್ಣು ಕೂಡ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ, ಅಲ್ಲಿಂದ ಸಂಸಾರ ಶುರು. ಒಂದೇ ಒಂದು ಒಳಗೆ ಬಂದರೂ ಸಾಕು ಅನ್ನುವುದು ಇದಕ್ಕೇ.

ಒಳಗೆ ಬರುವುದು ಹೇಗೆ? ನಮ್ಮಂಥವರ ಮನೆಯಲ್ಲಿ ಉತ್ತರ ಸುಲಭ. ಬೇಸಿಗೆಯಿಡೀ ಹೊರಗಿದ್ದ ಮಲ್ಲಿಗೆ, ಕರಿಬೇವು, ದಾಸವಾಳದ ಕುಂಡಗಳನ್ನು ಸೆಪ್ಟೆಂಬರ್‌ನಲ್ಲಿ ಚಳಿಗೆ ಹೆದರಿ ಒಳಗೆ ತರುತ್ತೇವೆ. ನುಸಿಯೂ ಜೊತೆಗೇ ಬರುತ್ತದೆ. ಆಮೇಲೆ ಮನೆ ಬಿಸಿ ಮಾಡುವ ಫರ್ನೇಸ್ ಶುರುವಾಗಿ ಮನೆಯ ಗಾಳಿ ಒಣಗುತ್ತದೆ. ಬಿಸಿ, ಒಣ ಗಾಳಿ ಅಂದರೆ ನುಸಿಗೆ ಹಬ್ಬ.

ಈಗ ಸರಕಿನ ವಿಷಯ. ಬಾಟಲಿಯಲ್ಲಿ ಬರುವುದು ಫೈಟೋಸೀಯುಲಸ್ ಪರ್ಸಿಮಿಲಿಸ್ ಅನ್ನುವ ಇನ್ನೊಂದು ನುಸಿ. ಇದು ಎಲೆ ಮುಟ್ಟುವುದಿಲ್ಲ, ಮನುಷ್ಯರನ್ನು ಕಚ್ಚುವುದಿಲ್ಲ, ಜೇಡ ನುಸಿಯನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. 1950ರ ದಶಕದ ಕೊನೆಯಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ ಯುರೋಪಿಗೆ ಬಂತು. ನೆದರ್‌ಲ್ಯಾಂಡ್ಸ್‌ನ ಸೌತೆಕಾಯಿ ಬೆಳೆಗಾರ ಯಾನ್ ಕೋಪರ್ಟ್ ಇದನ್ನೇ ನಂಬಿ 1967ರಲ್ಲಿ ಕಂಪನಿ ಶುರು ಮಾಡಿದರು. ಇವತ್ತು ಆ ಕಂಪನಿ ಇದನ್ನು ಸ್ಪೈಡೆಕ್ಸ್ ಅನ್ನುವ ಹೆಸರಲ್ಲಿ ಮಾರುತ್ತದೆ. ಬೇರೆ ಕಂಪನಿಗಳದ್ದೂ ಸಿಗುತ್ತದೆ, ಒಳಗಿನ ಪ್ರಾಣಿ ಒಂದೇ. ಸಾಮಾನ್ಯವಾಗಿ 2,000 ನುಸಿಯ ಬಾಟಲಿ, ವರ್ಮಿಕ್ಯುಲೈಟ್ ಪುಡಿಯಲ್ಲಿ ಬೆರೆಸಿರುತ್ತಾರೆ. ನಾಲ್ಕು ಗಿಡಕ್ಕೆ ಧಾರಾಳ.

ಬಾಟಲಿ ಬಂದ ತಕ್ಷಣ ಮೊದಲು ಮಾಡುವ ಕೆಲಸ: ಮೆಲ್ಲಗೆ ಉರುಳಿಸಿ, ಚಿಟಿಕೆ ಪುಡಿಯನ್ನು ಬಿಳಿ ಹಾಳೆ ಮೇಲೆ ಸುರಿದು ಒಂದು ನಿಮಿಷ ಸುಮ್ನೆ ನೋಡುವುದು. ಕಿತ್ತಳೆ ಕೆಂಪಿನ ಹೊಳೆಯುವ ಚುಕ್ಕೆಗಳು ಹಾಳೆ ತುಂಬ ಓಡಾಡಬೇಕು. ಓಡಾಟ ಇಲ್ಲ ಅಂದರೆ ಫೋಟೋ ತೆಗೆದು ಆವತ್ತೇ ಅಂಗಡಿಗೆ ಕಳಿಸಿ. ಒಂದು ಅಂಗಡಿಯಿಂದ ನನಗೆ ಪೂರ್ತಿ ಸತ್ತ ಬಾಟಲಿ ಬಂದಿತ್ತು. ಶುಕ್ರವಾರ ಹೊರಟ ಡಬ್ಬ ವಾರಾಂತ್ಯವಿಡೀ ಕೊರಿಯರ್ ಗೋದಾಮಿನಲ್ಲಿ ಕೂತಿತ್ತು. ದುಡ್ಡೇನೋ ವಾಪಸ್ ಕೊಟ್ಟರು, ಆದರೆ ಹೂ ಬಲಿಯುವ ಹೊತ್ತಲ್ಲಿ ಹೋದ ವಾರವನ್ನು ಯಾರು ವಾಪಸ್ ಕೊಡುತ್ತಾರೆ? ಸೋಮವಾರ ಕಳಿಸುವವರ ಹತ್ತಿರವೇ ತರಿಸಿ. ಚಳಿಗಾಲದಲ್ಲಿ ಹೀಟ್ ಪ್ಯಾಕ್ ಇಡಲು ಹೇಳಿ.

ಬೇಟೆ ನೋಡಲು ಮಜಾ ಇದೆ. ಹೂವಿನ ಅಂಟು ಬಲಿತಿದೆಯಾ ಎಂದು ನೋಡಲು ಇಟ್ಟುಕೊಂಡಿರುವ ಭೂತಗನ್ನಡಿಯೇ ಇದಕ್ಕೂ ಸಾಕು. ಪರ್ಸಿಮಿಲಿಸ್‌ಗೆ ಕಣ್ಣಿಲ್ಲ. ಮುಂಗಾಲು ಆಡಿಸುತ್ತಾ, ತಡವುತ್ತಾ ಎಲೆಯ ನರದ ಗುಂಟ ಓಡುತ್ತದೆ. ಮೊಟ್ಟೆ ಸಿಕ್ಕಿದರೆ ಅಲ್ಲೇ ನಿಂತು, ತಬ್ಬಿ ಹಿಡಿದು ಹೀರುತ್ತದೆ. ದುಂಡಗೆ ಹೊಳೆಯುತ್ತಿದ್ದ ಮೊಟ್ಟೆ ಮುದುಡಿ ಸಿಪ್ಪೆಯಾಗುತ್ತದೆ. ದಿನಕ್ಕೆ ಇಪ್ಪತ್ತು ಮೊಟ್ಟೆ ಅಥವಾ ಐದು ದೊಡ್ಡ ನುಸಿ ತಿನ್ನಬಲ್ಲದು. 20 ಡಿಗ್ರಿಯ ಹತ್ತಿರ ಇದರ ಸಂತಾನ ಜೇಡ ನುಸಿಗಿಂತ ಬೇಗ ಬೆಳೆಯುತ್ತದೆ, ಗೆಲ್ಲುವುದೂ ಇದರಿಂದಲೇ.

ಬೆಳೆಯುವ ಹಂತದಲ್ಲಿ, ಅಂದರೆ ದಿನಕ್ಕೆ 18 ಗಂಟೆ ಲೈಟ್ ಇರುವಾಗ, ನನ್ನ ಟೆಂಟ್‌ನಲ್ಲಿ (ಮನೆಯೊಳಗೆ ಲೈಟ್, ಫ್ಯಾನ್ ಇಟ್ಟು ಗಿಡ ಬೆಳೆಸುವ ಬಟ್ಟೆಯ ಗೂಡು) ಈ ಬಾಟಲಿ ಒಮ್ಮೆಯೂ ಸೋತಿಲ್ಲ. ತೇವಾಂಶ 65% ಇಟ್ಟು ಬಿಟ್ಟರೆ ಉಳಿದದ್ದು ಅವುಗಳ ಕೆಲಸ. ಐದಕ್ಕೆ ಐದು ಸ್ಟಾರ್.

ತಾಪತ್ರಯ ಶುರುವಾಗುವುದು ಹೂವು ದಪ್ಪವಾದ ಮೇಲೆ. ಗೊಂಚಲು ಒತ್ತಾದಷ್ಟೂ ಒಳಗೆ ಗಾಳಿ ಆಡುವುದಿಲ್ಲ, ಬೂದು ಬೂಷ್ಟು ಹಿಡಿಯುವ ಭಯ. ಅದಕ್ಕೇ ಎಲ್ಲರೂ ಕೊನೆಯ ವಾರಗಳಲ್ಲಿ ತೇವಾಂಶವನ್ನು 45 ಅಥವಾ 50%ಗೆ ಇಳಿಸುತ್ತಾರೆ. ಪರ್ಸಿಮಿಲಿಸ್‌ನ ಮೊಟ್ಟೆಗೆ 60%ಗಿಂತ ಕೆಳಗೆ ಹೋದಂತೆ ಕಷ್ಟ, ಒಡೆಯದೆ ಒಣಗುತ್ತವೆ. ಬಿಟ್ಟ ದೊಡ್ಡವು ತಿನ್ನುತ್ತವೆ ನಿಜ, ಮುಂದಿನ ಪೀಳಿಗೆ ಮಾತ್ರ ಇಲ್ಲ. ಮೇಲಾಗಿ ಹೂವಿನ ಮೇಲೆಲ್ಲ ಅಂಟು ರೋಮ. ಓಡುವ ಬೇಟೆಗಾರನಿಗೆ ಅದು ಕೆಸರುಗದ್ದೆ. ಜೇಡ ನುಸಿಯೋ ತನ್ನದೇ ಬಲೆ ಹಾಸಿಕೊಂಡು ಮೇಲೆ ಆರಾಮಾಗಿ ಓಡಾಡುತ್ತದೆ. ಕೆಳಗಿನ ಎಲೆಗಳಲ್ಲಿ ರಸ ಮುಗಿದಂತೆ ಗೊಂಚಲಿನ ತುದಿಗೆ ಹತ್ತಿ ಗುಂಪುಗೂಡುತ್ತದೆ, ಗಾಳಿಗೆ ತೇಲಿ ಬೇರೆ ಗಿಡಕ್ಕೆ ಹೋಗಲು. ಆ ಹಂತ ಮುಟ್ಟಿದ ಗೊಂಚಲನ್ನು ಯಾವ ಬಾಟಲಿಯೂ ಉಳಿಸುವುದಿಲ್ಲ. ಚೀಲ ಮುಚ್ಚಿ, ಅಲುಗಿಸದೆ ಕತ್ತರಿಸಿ ಹೊರಗೆ ಹಾಕಬೇಕು, ಅಷ್ಟೇ. ಎಷ್ಟೇ ತಿಂಗಳು ಸಾಕಿದ್ದರೂ ಸರಿ.

ಪುಡಿಯದ್ದೂ ಒಂದು ಕಿರಿಕಿರಿ. ವರ್ಮಿಕ್ಯುಲೈಟ್ ಹೂವಿನ ಮೇಲೆ ಬಿದ್ದರೆ ಅಂಟಿಕೊಂಡು ಬಿಡುತ್ತದೆ, ಆಮೇಲೆ ಆರಿಸಿ ತೆಗೆಯಲು ಆಗುವುದಿಲ್ಲ. ಪುಟ್ಟ ಕಾಗದದ ಕಪ್ ಮಾಡಿ, ಅದರಲ್ಲಿ ಪುಡಿ ಹಾಕಿ ಕೊಂಬೆಗೆ ಸಿಕ್ಕಿಸುವುದು ಉತ್ತಮ. ಲೈಟ್ ಆರಿದ ಮೇಲೆ, ಫ್ಯಾನ್ ನಿಲ್ಲಿಸಿ ಇಡಬೇಕು.

ಹಾಗಾದರೆ ಕೊನೆಯ ಹಂತಕ್ಕೆ ಯಾವುದು? ನನ್ನ ಮಟ್ಟಿಗೆ ಸ್ಯಾಚೆ. ಅದರಲ್ಲಿರುವುದು ನಿಯೋಸೀಯುಲಸ್ ಕ್ಯಾಲಿಫೋರ್ನಿಕಸ್. ಇದು ಪರ್ಸಿಮಿಲಿಸ್‌ನಷ್ಟು ಹಸಿದ ಹುಲಿ ಅಲ್ಲ, ನಿಧಾನ. ಆದರೆ ಬಿಸಿ, ಒಣ ಗಾಳಿ ತಡೆಯುತ್ತದೆ. ಜೇಡ ನುಸಿ ಸಿಗದಿದ್ದರೆ ಬೇರೆ ಸಣ್ಣ ನುಸಿ, ಪರಾಗ ತಿಂದುಕೊಂಡು ಬದುಕಿರುತ್ತದೆ. ಸಣ್ಣ ಕಾಗದದ ಪೊಟ್ಟಣ, ಒಳಗೆ ತೌಡು, ಜೊತೆಗೆ ಅವುಗಳ ಊಟಕ್ಕೆ ಬೇರೆ ನುಸಿ. ಕೊಂಬೆಗೆ ನೇತುಹಾಕಿದರೆ ಕೆಲವು ವಾರ ಒಂದೊಂದಾಗಿ ಹೊರಗೆ ಬರುತ್ತಲೇ ಇರುತ್ತವೆ. ಪೊಟ್ಟಣ ಹರಿಯಬೇಡಿ, ಎಲೆಯ ನೆರಳಲ್ಲಿ ಇರಲಿ, ಲೈಟ್‌ಗೆ ನೇರ ಬೇಡ. ಇದು ನುಸಿ ಬರುವ ಮೊದಲೇ ಇರಬೇಕಾದ ಕಾವಲು. ಬಲೆ ಕಂಡ ಮೇಲೆ ನೇತುಹಾಕಿದರೆ ನಿಧಾನಗತಿಗೆ ನೀವೇ ಬೈದುಕೊಳ್ಳುತ್ತೀರಿ.

ಎರಡೂ ಇದ್ದು ಕೊನೆಯ ಮೂರು ವಾರದಲ್ಲಿ ನುಸಿ ಕಂಡಾಗ ನಾನು ಮಾಡುವುದು ಇಷ್ಟು. ಲೈಟ್ ಮಂದ ಮಾಡಿ ಟೆಂಟ್ ಅನ್ನು 20, 22 ಡಿಗ್ರಿಗೆ ಇಳಿಸುತ್ತೇನೆ. 30ರಲ್ಲಿ ವಾರಕ್ಕೊಂದು ಪೀಳಿಗೆ ಹಾಕುತ್ತಿದ್ದ ನುಸಿ ಇಲ್ಲಿ ಎರಡು ವಾರಕ್ಕೂ ಜಾಸ್ತಿ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಕೊಯ್ಲೇ ಬಂದಿರುತ್ತದೆ. ನಿಜ ಹೇಳಬೇಕೆಂದರೆ ದುಡ್ಡು ಕೊಟ್ಟು ತಂದ ಯಾವುದಕ್ಕಿಂತಲೂ ಇದೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಚುಕ್ಕೆ ಬಿದ್ದ ಕೆಳಗಿನ ಎಲೆಗಳನ್ನು ಕಿತ್ತು, ಉಳಿದ ದೊಡ್ಡ ಎಲೆಗಳ ಅಡಿಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆಮೇಲೆ ಪರ್ಸಿಮಿಲಿಸ್ ಕಪ್‌ಗಳನ್ನು ಚುಕ್ಕೆ ಜಾಸ್ತಿ ಇರುವ ಕಡೆ ಮಾತ್ರ ಇಡುತ್ತೇನೆ. ಮೊಟ್ಟೆ ಒಡೆಯದಿದ್ದರೂ ಪರವಾಗಿಲ್ಲ, ದೊಡ್ಡವು ತಿಂದಷ್ಟು ಲಾಭ. ಅಗತ್ಯ ಬಿದ್ದರೆ ಮತ್ತೊಂದು ಬಾಟಲಿ. ಹೂ ಬಲಿತದ್ದು ಸಾಕು ಅನ್ನಿಸಿದರೆ ನಾಲ್ಕು ದಿನ ಮೊದಲೇ ಕೊಯ್ಯುವುದಕ್ಕೂ ನನ್ನ ತಕರಾರಿಲ್ಲ.

ಸ್ಪ್ರೇ ಯಾಕೆ ಬೇಡ ಅಂತ ಕೇಳುತ್ತಾರೆ. ಊರಿಗೆ ಫೋನ್ ಮಾಡಿ, ಮಲ್ಲಿಗೆಗೆ ಅಂತ ಹೇಳಿ ಅಮ್ಮನನ್ನು ಕೇಳಿದ್ದೆ. "ಬೇವಿನೆಣ್ಣೆ, ಸೋಪಿನ ನೀರು ಹೊಡಿ, ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೋತೀಯಾ" ಅಂದರು. ಮಲ್ಲಿಗೆಗೆ ಸರಿಯೇ. ಆದರೆ ಕೆನಡಾದಲ್ಲಿ ಬೇವಿನೆಣ್ಣೆಗೆ ಕೀಟನಾಶಕವಾಗಿ ನೋಂದಣಿಯೇ ಇಲ್ಲ, ಎಲೆಗೆ ಹೊಳಪು ಕೊಡುವ ಎಣ್ಣೆ ಅಂತ ಮಾರುತ್ತಾರೆ. ಅಂಟು ತುಂಬಿದ ಹೂವಿಗೆ ಹೊಡೆದರೆ ವಾಸನೆ ಒಣಗಿಸಿದ ಮೇಲೂ ಹೋಗುವುದಿಲ್ಲ. ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್ ಗುಲಾಬಿಗೆ ಹೊಡೆಯುವ ಅಬಾಮೆಕ್ಟಿನ್ ನುಸಿಯನ್ನು ಚೆನ್ನಾಗಿಯೇ ಕೊಲ್ಲುತ್ತದೆ. ಗುಲಾಬಿಯನ್ನು ಯಾರೂ ಸುಟ್ಟು ಸೇದುವುದಿಲ್ಲ ಅಲ್ವಾ? ಮೈಕ್ಲೋಬ್ಯುಟಾನಿಲ್ ಅನ್ನುವ ಬೂಷ್ಟಿನ ಔಷಧಿ ಸಿಕ್ಕಿದ್ದಕ್ಕೆ 2016 ಮತ್ತು 2017ರಲ್ಲಿ ಇಲ್ಲಿನ ವೈದ್ಯಕೀಯ ಗಾಂಜಾವನ್ನೇ ವಾಪಸ್ ತರಿಸಿಕೊಂಡಿದ್ದರು; ಕಾದಾಗ ಅದರಿಂದ ಹೈಡ್ರೋಜನ್ ಸಯನೈಡ್ ಹೊರಡುತ್ತದೆ. 2019ರ ಜನವರಿಯಿಂದ ಲೈಸೆನ್ಸ್ ಇರುವ ಕಂಪನಿಗಳ ಮಾಲನ್ನು 96 ಕೀಟನಾಶಕಗಳಿಗೆ ಪರೀಕ್ಷೆ ಮಾಡಬೇಕೆಂದು ಇಲ್ಲಿನ ಆರೋಗ್ಯ ಇಲಾಖೆ ಹೆಲ್ತ್ ಕೆನಡಾ ನಿಯಮ ತಂದಿತು. ನಮ್ಮ ಟೆಂಟ್‌ನದ್ದನ್ನು ಪರೀಕ್ಷೆ ಮಾಡುವವರು ಯಾರೂ ಇಲ್ಲ. ಹಾಗಾಗಿ ಹೂ ಬಂದ ಮೇಲೆ ನಾನು ಏನನ್ನೂ ಹೊಡೆಯುವುದಿಲ್ಲ. ಗಂಧಕ ಕೂಡ ಬೇಡ, ಅದು ಬೇಟೆ ನುಸಿಗೂ ಒಳ್ಳೆಯದಲ್ಲ. ಲೇಡಿಬಗ್ ತಂದು ಬಿಟ್ಟವರನ್ನು ನೋಡಿದ್ದೇನೆ, ಎಲ್ಲಾ ಹಾರಿ ಲೈಟ್ ಸುತ್ತ ಸೇರುತ್ತವೆ.

ಹೊಸಬರಿಗೆ ಒಂದು ಎಚ್ಚರಿಕೆ. ದಿನ ಕಿರಿದಾಗಿ, ರಾತ್ರಿ ತಂಪಾಗಿ, ಎಲೆ ಹಣ್ಣಾದಾಗ ಜೇಡ ನುಸಿಯ ಹೆಣ್ಣೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಾವು ಹೂವಿಗಾಗಿ ಕೊಡುವ 12 ಗಂಟೆ ಕತ್ತಲೆಯೂ ಅದಕ್ಕೆ ಕಿರಿದಾದ ದಿನವೇ. ಆಗ ತಿನ್ನುವುದು, ಮೊಟ್ಟೆ ಇಡುವುದು ನಿಲ್ಲಿಸಿ ಅಡಗುವ ಜಾಗ ಹುಡುಕುತ್ತದೆ. ಅದನ್ನು ನೋಡಿ "ಆಹಾ, ನನ್ನ ಬೇಟೆ ನುಸಿ ಜಾಸ್ತಿಯಾಗಿವೆ" ಅಂತ ಖುಷಿಪಡಬೇಡಿ. ಪರ್ಸಿಮಿಲಿಸ್ ನುಣುಪು, ಪೇರ್ ಹಣ್ಣಿನ ಆಕಾರ, ಕಾಲು ಉದ್ದ, ಊದಿದರೆ ಓಟ ಕೀಳುತ್ತದೆ. ಸೋಮಾರಿಯಾಗಿ ಕೂತಿರುವುದು ಶತ್ರು. ಟೆಂಟ್‌ನ ಜಿಪ್, ಹೊಲಿಗೆ, ಬಟ್ಟೆ ಕುಂಡದ ಮಡಿಕೆಯಲ್ಲಿ ಅಡಗಿ ಮುಂದಿನ ಬೆಳೆಗೆ ಎದ್ದು ಬರುವುದೂ ಇದೇ. ಕೊಯ್ಲಾದ ಮೇಲೆ ಆ ಜಾಗಗಳನ್ನು ವ್ಯಾಕ್ಯೂಮ್ ಮಾಡಿ, ಸೋಪಿನ ನೀರಲ್ಲಿ ಒರೆಸದೆ ಹೊಸ ಗಿಡ ಇಡಬೇಡಿ.

ಬೆಲೆಯ ಬಗ್ಗೆ ನನ್ನ ಗೊಣಗಾಟ ಕೊರಿಯರ್ ಖರ್ಚಿನದ್ದು. ಚಳಿಗಾಲದಲ್ಲಿ ಅದು ಬಾಟಲಿಯಷ್ಟೇ ಆಗಿಬಿಡುತ್ತದೆ. ಇಟ್ಟು ಬಳಸುವ ಸರಕೂ ಅಲ್ಲ, ಬಂದ ದಿನ ಅಥವಾ ಮಾರನೆ ದಿನ ಖಾಲಿ ಮಾಡಬೇಕು. ಹತ್ತಿರದಲ್ಲಿ ಗಿಡ ಬೆಳೆಸುವ ಗೆಳೆಯರಿದ್ದರೆ ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಳ್ಳಿ. ನನ್ನಲ್ಲಿ ಉಳಿದದ್ದು ಕರಿಬೇವಿಗೂ ಮಲ್ಲಿಗೆಗೂ ಹೋಗುತ್ತದೆ. ಅಲ್ಲಿ ತೇವಾಂಶದ ಜಗಳವಿಲ್ಲ, ದಿನಾ ಬೆಳಗ್ಗೆ ನೀರು ಚಿಮುಕಿಸಬಹುದು.

ಸ್ಟಾರ್ ಲೆಕ್ಕದಲ್ಲಿ ಹೇಳುವುದಾದರೆ, ಹೂ ಬಲಿಯುವ ಹಂತಕ್ಕೆ ಬಾಟಲಿಗೆ ಎರಡೂವರೆ, ಮೊದಲೇ ನೇತುಹಾಕಿದ ಸ್ಯಾಚೆಗೆ ನಾಲ್ಕು. ಈ ಸಲ ಲೈಟ್ 12 ಗಂಟೆಗೆ ಇಳಿಸಿದ ವಾರವೇ ಸ್ಯಾಚೆ ನೇತುಹಾಕಿದ್ದೇನೆ, ಮುಂದಿನದಕ್ಕೂ ಆರ್ಡರ್ ಹಾಕಿಟ್ಟಿದ್ದೇನೆ. ಕುಂಡಗಳನ್ನು ಒಳಗೆ ತರುವ ಮುನ್ನ ಹೊರಗೇ ಪೈಪ್ ಹಿಡಿದು ಎಲೆಯ ಅಡಿಗೆಲ್ಲ ಜೋರಾಗಿ ನೀರು ಬಿಡುವ ಕೆಲಸ ಮಾತ್ರ ದುಡ್ಡಿಲ್ಲದ್ದು, ಅದನ್ನು ಬಿಡಬೇಡಿ.