ಕ್ಯಾಲಿಪರ್‌ಗೆ ಯಾವ ಬಣ್ಣ ಬಾಳುತ್ತೆ? ಸ್ಪ್ರೇ, ಟು-ಕೆ, ಪೌಡರ್, ಜಿಂಕ್: ನಾಲ್ಕರ ಹಣೆಬರಹ

ಹೊಸ ಅಲಾಯ್ ವೀಲ್ ಸಂದಿಯಿಂದ ತುಕ್ಕು ಹಿಡಿದ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಇಣುಕಿದರೆ ಯಾರ ಕಣ್ಣಿಗೂ ಚುಚ್ಚುತ್ತೆ. ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು ‘500 ಡಿಗ್ರಿ ತಡೆಯುತ್ತೆ’ ಅನ್ನುವ ಸ್ಪ್ರೇ ಡಬ್ಬ. ಆ ಅಂಕಿಗೆ ಮರುಳಾಗಬೇಡಿ. ಅಷ್ಟು ಕಾಯುವುದು ಡಿಸ್ಕು, ಕ್ಯಾಲಿಪರ್ ಅಲ್ಲ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸದಕ್ಕೆ 230 ಡಿಗ್ರಿ, ನೀರು ಹೀರಿಕೊಂಡದ್ದಕ್ಕೆ 155. ಊಟಿಯಿಂದ ಗೂಡಲೂರು ಘಾಟಿ ಇಳಿಯುವಾಗ ಕ್ಯಾಲಿಪರ್ ಅಷ್ಟು ಕಾದರೆ, ಬಣ್ಣ ಸುಡುವ ಮೊದಲೇ ಫ್ಲೂಯಿಡ್ ಕುದಿದು ಪೆಡಲ್ ನೆಲ ಮುಟ್ಟಿರುತ್ತೆ. ಬಣ್ಣವನ್ನು ತಿನ್ನುವ ವೈರಿಗಳು ಬೇರೆ: ಚಕ್ರ ಎರಚುವ ಜಲ್ಲಿಕಲ್ಲು, ಒಳಗೆ ಇಳಿಯುವ ನೀರು, ಚೆಲ್ಲಿದ ಬ್ರೇಕ್ ಫ್ಲೂಯಿಡ್. ಈ ಮೂರಕ್ಕೆ ಯಾವುದು ನಿಲ್ಲುತ್ತೆ ಅನ್ನುವುದೇ ಇಲ್ಲಿನ ಪರೀಕ್ಷೆ.

ಸ್ಪ್ರೇ ಡಬ್ಬ ಅಗ್ಗ, ಕೆಲಸವೂ ಬೇಗ. ಆದರೆ ಅದರಲ್ಲಿ ಹೆಚ್ಚಿನವು ಒಂದೇ ಭಾಗದ, ಅಂದರೆ ಹಾರ್ಡ್‌ನರ್ ಬೆರೆಸದ ಎನಾಮಲ್. ಸರಳ ಪರೀಕ್ಷೆ ಒಂದಿದೆ: ಬಣ್ಣ ಹೊಡೆದ ಕಬ್ಬಿಣದ ತುಂಡನ್ನು ಒಂದು ವಾರ ಒಣಗಿಸಿ, ಡಾಟ್ 4ರಲ್ಲಿ ಅದ್ದಿದ ಹತ್ತಿಯನ್ನು ಅದರ ಮೇಲೆ ಅರ್ಧ ಗಂಟೆ ಇಟ್ಟು, ಆಮೇಲೆ ಉಗುರಿನಿಂದ ಗೀರಿ. ಹಸಿ ಸುಣ್ಣದ ಹಾಗೆ ಎದ್ದು ಬಂದರೆ ಅದು ಕ್ಯಾಲಿಪರ್‌ಗೆ ಆಗುವ ಮಾಲಲ್ಲ. ಮಾರುವ ಗಾಡಿಗೆ ಮುಖ ತೊಳೆಸಲು ಸಾಕು, ಅಷ್ಟೆ.

ಪೌಡರ್ ಕೋಟಿಂಗ್ ನೋಡಲು ಎಲ್ಲಕ್ಕಿಂತ ಚೆಂದ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆಯಾಗಲಿ, ಮಂಡ್ಯದ ತೂಬಿನಕೆರೆ ಕಡೆಯಾಗಲಿ ವಿಚಾರಿಸಿದರೆ ಮಾಡುವವರು ಸಿಗುತ್ತಾರೆ. ಆದರೆ ಗೇಟು, ಗ್ರಿಲ್ಲು ಮಾಡಿ ಪಳಗಿದ ಕೈಗೆ ಕ್ಯಾಲಿಪರ್ ಕೊಡುವಾಗ ನಾಲ್ಕು ಮಾತು ಬಾಯಿಬಿಟ್ಟು ಹೇಳಲೇಬೇಕು. ಓವನ್ 180ರಿಂದ 200 ಡಿಗ್ರಿ ಇರುತ್ತೆ, ಹಾಗಾಗಿ ಪಿಸ್ಟನ್, ಸೀಲ್, ಡಸ್ಟ್ ಬೂಟ್ (ಧೂಳು ತಡೆಯುವ ರಬ್ಬರ್), ಬ್ಲೀಡರ್ ನಿಪ್ಪಲ್ (ಫ್ಲೂಯಿಡ್‌ನ ಗಾಳಿ ಹೊರಬಿಡುವ ತಿರುಪು) ಎಲ್ಲ ಬಿಚ್ಚಿ ಬರೀ ಕಬ್ಬಿಣ ಕೊಡಿ. ಬೀಡಿನಲ್ಲಿ (ಎರಕದ ಕಬ್ಬಿಣದಲ್ಲಿ) ಸಣ್ಣ ರಂಧ್ರಗಳಿವೆ, ಹಳೇ ಎಣ್ಣೆ ಅದರೊಳಗೆ ಕೂತಿರುತ್ತೆ. ಪೌಡರ್ ಹಾಕುವ ಮುಂಚೆ ಒಮ್ಮೆ ಬರಿದೇ ಓವನ್‌ನಲ್ಲಿಟ್ಟು, ಬೇಯಿಸುವ ಶಾಖಕ್ಕಿಂತ ಸ್ವಲ್ಪ ಜಾಸ್ತಿ ಕಾಯಿಸಿ ಆ ಹೊಗೆ ಹೊರಡಿಸದಿದ್ದರೆ ಮೇಲ್ಮೈ ತುಂಬ ಸೂಜಿಮೊನೆ ಗುಳ್ಳೆ ಏಳುತ್ತೆ.

ಇನ್ನು ದಪ್ಪದ ವಿಷಯ. ಕೆಲಸ ಕೆಡುವುದು ಇಲ್ಲೇ. ಪೌಡರ್ ಪದರ ಸುಮಾರು 60ರಿಂದ 100 ಮೈಕ್ರಾನ್. ಕ್ಯಾಲಿಪರ್ ಹಿಡಿದಿರುವ ಬ್ರಾಕೆಟ್‌ನಲ್ಲಿ ಪ್ಯಾಡ್‌ನ ಕಿವಿ ಕೂರುವ ಜಾಗಕ್ಕೆ ಎರಡೂ ಕಡೆ 80 ಮೈಕ್ರಾನ್ ಬಿದ್ದರೆ 0.16 ಮಿ.ಮೀ. ಸಂದು ಹೋಯಿತು. ಪ್ಯಾಡ್ ಬಿಗಿಯಾಗಿ ಕೂತು ವಾಪಸ್ ಸರಿಯುವುದಿಲ್ಲ. ಡಿಸ್ಕ್ ಸದಾ ಉಜ್ಜಿಕೊಂಡು ಕಾಯುತ್ತೆ, ಒಂದು ಪ್ಯಾಡ್ ಬೇಗ ಸವೆಯುತ್ತೆ, ಮೈಲೇಜ್ ಕುಸಿಯುತ್ತೆ. ಬ್ರಾಕೆಟ್ ಗಾಡಿಗೆ ಕೂರುವ ಮುಖಕ್ಕೆ ಬಣ್ಣ ಬಿದ್ದರಂತೂ ಇನ್ನೂ ಅಪಾಯ: ಬೋಲ್ಟ್ ಅಡಿಯ ಪದರ ಶಾಖಕ್ಕೆ ಹಿಸುಕಿ ತೆಳುವಾಗುತ್ತೆ, ಟಾರ್ಕ್ ರೆಂಚ್‌ನಲ್ಲಿ ಬಿಗಿದ ಬೋಲ್ಟೂ ಸಡಿಲವಾಗುತ್ತೆ. ಆದ್ದರಿಂದ ಪ್ಯಾಡ್ ಕಿವಿ ಕೂರುವ ಜಾಗ, ಪಿಸ್ಟನ್ ಬೋರ್, ಸೀಲ್ ಗ್ರೂವ್, ಸ್ಲೈಡ್ ಪಿನ್ ತೂತು, ಬ್ಯಾಂಜೊ (ಬ್ರೇಕ್ ಹೋಸ್ ಕೂರಿಸುವ ಬೋಲ್ಟ್) ವಾಷರ್ ಕೂರುವ ಮುಖ, ಬ್ಲೀಡರ್ ಮರೆ (ಥ್ರೆಡ್), ಬೋಲ್ಟ್ ಮುಖ ಇಷ್ಟನ್ನೂ ಶಾಖ ತಡೆಯುವ ಟೇಪ್, ಸಿಲಿಕಾನ್ ಬಿರಡೆಯಿಂದ ಮುಚ್ಚಿಸಿ. ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಮುಂಚೆಯೂ ಇದೇ ಬಿರಡೆ ಹಾಕಬೇಕು. ಬೋರ್‌ನಲ್ಲಿ ಉಳಿದ ಒಂದು ಮರಳಿನ ಕಣ ಹೊಸ ಸೀಲನ್ನು ಕೊಯ್ಯಲು ಸಾಕು.

ಇಷ್ಟೆಲ್ಲ ಮಾಡಿದರೂ ಪೌಡರ್‌ಗೆ ಒಂದು ಚಾಳಿ ಬಿಡದು. ಕಲ್ಲೇಟಿಗೆ ಒಂದು ಕಡೆ ಎದ್ದರೆ ನೀರು ಪದರದ ಅಡಿಯಲ್ಲೇ ಹರಿದಾಡಿ ತುಕ್ಕು ಹಬ್ಬಿಸುತ್ತೆ. ಮೇಲೆ ನೋಡಿದರೆ ಹೊಳಪು, ಒಂದು ದಿನ ಚಕ್ಕೆ ಚಕ್ಕೆಯಾಗಿ ಕಳಚುತ್ತೆ. ಅಡಿಗೆ ಜಿಂಕ್ ಇರುವ ಎಪಾಕ್ಸಿ ಪ್ರೈಮರ್ ಪೌಡರ್ ಹಾಕುವವರಿದ್ದರೆ ಮಾತ್ರ ಕೊಡಿ.

ಜಿಂಕ್ ಪ್ಲೇಟಿಂಗ್ ತದ್ವಿರುದ್ಧ. ಪದರ 8ರಿಂದ 12 ಮೈಕ್ರಾನ್ ಅಷ್ಟೆ, ಸಂದು ಕೆಡುವ ಭಯ ಕಡಿಮೆ. ಗೀರು ಬಿದ್ದರೂ ಸುತ್ತಲಿನ ಜಿಂಕ್ ತಾನು ಕರಗಿ ಕಬ್ಬಿಣ ಕಾಯುತ್ತೆ. ಕೇಳಬೇಕಾದ ಮೊದಲ ಪ್ರಶ್ನೆ: ನಿಮ್ಮದು ಆಸಿಡ್ ಕ್ಲೋರೈಡ್ ತೊಟ್ಟಿಯೋ, ಆಲ್ಕಲೈನೋ? ಬೀಡಿನಲ್ಲಿ ಕಾರ್ಬನ್ ಜಾಸ್ತಿ, ಆಲ್ಕಲೈನ್ ತೊಟ್ಟಿಯಲ್ಲಿ ಜಿಂಕ್ ಸರಿಯಾಗಿ ಹತ್ತುವುದಿಲ್ಲ. ಕ್ಯಾಲಿಪರ್ ಬೋಲ್ಟ್‌ಗಳನ್ನು ಜೊತೆಗೆ ಕೊಡಬೇಡಿ, 10.9 ದರ್ಜೆಯ ಗಟ್ಟಿ ಬೋಲ್ಟ್ ಆಸಿಡ್‌ನಲ್ಲಿ ಹೈಡ್ರೋಜನ್ ಹೀರಿ ಬಾಗದೆ ಮುರಿಯುವಷ್ಟು ಪೆಡಸಾಗಿ, ಆಮೇಲೆ ಹೇಳದೆ ಕೇಳದೆ ಮುರಿಯಬಹುದು. ಕೆಂಪು ಬೇಕು ಅನ್ನುವವರಿಗೆ ಇದು ರುಚಿಸದು. ವಾಟರ್ ಸರ್ವಿಸ್‌ನಲ್ಲಿ ಅಲಾಯ್‌ಗೆ ಆಸಿಡ್ ಹೊಡೆದರೂ ಜಿಂಕ್ ತೊಳೆದುಹೋಗುತ್ತೆ. ಹಾಗಿದ್ದರೂ ಪೂರ್ತಿ ಬಿಚ್ಚಿ ಹೊಸ ಸೀಲ್ ಕಿಟ್ ಹಾಕುವವರಿಗೆ ನಮ್ಮ ಮೊದಲ ಆಯ್ಕೆ ಇದೇ. ಮಂಗಳೂರಿನ ಉಪ್ಪುಗಾಳಿ ಮೈಸೂರಿಗಿಲ್ಲವಲ್ಲ.

ಪಿಸ್ಟನ್, ಸೀಲ್ ಬಿಚ್ಚದೆ ಮಾಡುವವರಿಗೆ ಫೋಲಿಯಾಟೆಕ್, ಜಿ2 ತರಹದ ಎರಡು ಭಾಗದ, ಅಂದರೆ ಟು-ಕೆ ಬ್ರಷ್ ಕಿಟ್. ಹಾರ್ಡ್‌ನರ್ ಬೆರೆತು ಗಟ್ಟಿಯಾಗುವುದರಿಂದ ಫ್ಲೂಯಿಡ್‌ಗೆ ಎನಾಮಲ್‌ನಷ್ಟು ಸುಲಭಕ್ಕೆ ಸೋಲುವುದಿಲ್ಲ, ಚಕ್ಕೆ ಎದ್ದರೆ ಅಲ್ಲಷ್ಟೇ ಉಜ್ಜಿ ಮತ್ತೆ ಹಚ್ಚಬಹುದು. ಕ್ಯಾಲಿಪರನ್ನು ತಂತಿಯಲ್ಲಿ ತೂಗುಹಾಕಿ, ಹೋಸ್ ಮೇಲೆ ಭಾರ ಬೇಡ. ವೈರ್ ಬ್ರಷ್, ಆಮೇಲೆ 120 ನಂಬರ್ ಎಮರಿ, ಕೊನೆಗೆ ಬ್ರೇಕ್ ಕ್ಲೀನರ್. ಪೆಟ್ರೋಲ್, ಡೀಸೆಲ್ ಬೇಡವೇ ಬೇಡ, ರಬ್ಬರ್ ಬೂಟ್ ಊದುತ್ತೆ. ತೆಳುವಾಗಿ ಎರಡು ಕೈ ಹಚ್ಚಿ, ಒಂದು ದಿನ ಮುಟ್ಟಬೇಡಿ; ಒಂದು ವಾರ ಪ್ರೆಷರ್ ವಾಷರ್ ದೂರವಿರಲಿ. ಆಯುಧಪೂಜೆಗೆ ಕೆಂಪು ಬೇಕೆಂದು ಜಡಿಮಳೆಯಲ್ಲಿ ಹಚ್ಚಿದರೆ ತೇವ ಹಿಡಿದು ಮಂಕಾಗುತ್ತೆ. ಮಾರ್ಚ್, ಏಪ್ರಿಲ್ ಬಿಸಿಲೇ ಒಳ್ಳೆಯದು.

ಜೋಡಿಸುವಾಗ ಬ್ಯಾಂಜೊ ಬಿಚ್ಚಿದ್ದರೆ ಹೊಸ ತಾಮ್ರದ ವಾಷರ್, ಸ್ಲೈಡ್ ಪಿನ್‌ಗೆ ಸಿಲಿಕಾನ್ ಗ್ರೀಸ್. ಬ್ಲೀಡ್ ಮಾಡಿದ ತಕ್ಷಣ ನಿಪ್ಪಲ್ ಸುತ್ತ ಒಂದು ಚೊಂಬು ನೀರು ಸುರಿಯಿರಿ, ಫ್ಲೂಯಿಡ್ ನೀರಿಗೆ ಕರಗಿ ಹೋಗುತ್ತೆ. ಆಮೇಲೆ ನಿಪ್ಪಲ್‌ನ ರಬ್ಬರ್ ಟೋಪಿ ಹಾಕಿ.