ಹದಿಮೂರು ಅಕ್ಷರದ ಹೆಸರು, ಹಸಿರು ಜೆರ್ಸಿ, ಒಂದು ಗುಡಿಸು

ಮಂಗಳೂರಿನ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ಕಡೆಗೆ ಇಳಿಯುವಾಗ ಮಹಡಿಯ ಮೇಲೆ ಒಂದು ಜೆರ್ಸಿ ಪ್ರಿಂಟಿಂಗ್ ಅಂಗಡಿ ಉಂಟು. ಹೆಸರು ಹೇಳುವುದಿಲ್ಲ, ಯಾಕೆಂದರೆ ಕೆಳಗಿರುವುದೆಲ್ಲ ಹೊಗಳಿಕೆಯಲ್ಲ. ಅಂಡರ್‌ಆರ್ಮ್ ಕ್ರಿಕೆಟಿನವರು, ಕಬಡ್ಡಿಯವರು, ಮೊಸರುಕುಡಿಕೆಯ ಹುಡುಗರು ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನಾನು ಹೋದದ್ದು 2025ರ ಆಗಸ್ಟಿನಲ್ಲಿ, ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ಮಿಲ್ವಾಕಿ ಬಕ್ಸ್ ತಂಡದ 34ನೇ ನಂಬರಿನ ಜೆರ್ಸಿಗೆ.

ಆಗ ರೇಟು ಹೀಗಿತ್ತು. ಡಾಟ್‌ನಿಟ್ ಬಟ್ಟೆಯ ತೋಳಿಲ್ಲದ ಜೆರ್ಸಿ, ಹಿಂದೆ ಮುಂದೆ ನಂಬರ್ ಸೇರಿ 380 ರೂಪಾಯಿ. ಹೆಸರು ಬೇಕಾದರೆ ಅಕ್ಷರಕ್ಕೆ 15. ಆ ನಂಬರಿನ ಸ್ಟಾರ್ ಆಟಗಾರ ಯಾನಿಸ್ ಆಂಟೆಟೊಕುಂಪೊನ ಮನೆಹೆಸರು ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ, 195 ರೂಪಾಯಿ ಆಗುತ್ತದೆ. ಕನ್ನಡದಲ್ಲಿ ಐದೇ. ಕನ್ನಡಾಭಿಮಾನ ಅಂತ ಬೇಕಾದರೆ ತಿಳಿದುಕೊಳ್ಳಿ, 75ರಲ್ಲಿ ಮುಗಿಸಿದೆ. ಗಲ್ಲಾದಲ್ಲಿದ್ದ ಧಣಿ ಚೀಟಿ ಓದಿ, "ಇದೆಂತ ಮಾರಾಯ್ರೆ, ಮಾತ್ರೆಯ ಹೆಸರಾ?" ಅಂದರು.

ಕಂಪ್ಯೂಟರ್ ಮುಂದಿದ್ದ ಡಿಸೈನ್ ಹುಡುಗನಿಗೆ ಮಾತ್ರ ಎಲ್ಲ ಗೊತ್ತಿತ್ತು. "ಸರ್, ಸಬ್ಲಿಮೇಶನ್ ಮಾಡಿಸಿದರೆ ಬಣ್ಣ ಬಟ್ಟೆಯೊಳಗೆ ಇಳಿಯುತ್ತದೆ, ಮತ್ತೆ ಹೋಗ್ಲಿಕ್ಕಿಲ್ಲ. ಆದರೆ ಬಿಳಿ ಬಟ್ಟೆಯಿಂದಲೇ ಶುರು ಮಾಡಬೇಕು, ನಾಲ್ಕು ದಿನ, 200 ರೂಪಾಯಿ ಜಾಸ್ತಿ. ಬಿಸಿ ಮಾಡಿ ಅಂಟಿಸುವ ವಿನೈಲ್ ಆದರೆ ಈಗಲೇ ಪ್ರೆಸ್ ಮಾಡಿ ಕೊಡ್ತೇನೆ, ಬೇಡ ಅಂತಾದರೆ ಕೀಳಲೂಬಹುದು. ಯಾನಿಸ್‌ನನ್ನು ಟ್ರೇಡ್ ಮಾಡ್ತಾರೆ, ಬೇರೆ ತಂಡಕ್ಕೆ ಕೊಡ್ತಾರೆ ಅಂತ ಸುದ್ದಿ ಉಂಟಲ್ಲ?"

ವಿನೈಲ್ ಸಾಕು ಅಂದೆ. ದುಡ್ಡು ಉಳಿಸಲಿಕ್ಕೆ ಅಷ್ಟೆ, ಬೇರೆ ಅರ್ಥ ಕಟ್ಟಬೇಡಿ.

ಅಷ್ಟರಲ್ಲಿ ಕರೆಂಟು ಹೋಯಿತು. ಹೀಟ್ ಪ್ರೆಸ್ ತಣ್ಣಗಾಯಿತು. ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತು ಯಾನಿಸ್‌ನನ್ನು ಈಗಲೇ ಕೊಟ್ಟುಬಿಡಬೇಕಾ ಬೇಡವಾ ಅಂತ ನಾನೂ ಆ ಹುಡುಗನೂ ಜಗಳವಾಡಿದೆವು. ಈ ಅಂಗಡಿಯ ಸೇವೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ ಅದೇ.

ಅವನ ವಾದ ಸರಳ. ಯಾನಿಸ್‌ಗೆ ಮೂವತ್ತಾಯಿತು. 2027ರಲ್ಲಿ ಅವನಿಗೆ ಬೇಕಾದರೆ ಎದ್ದು ಹೋಗಬಹುದು. "ಈಗ ಕೊಟ್ಟರೆ ಬೆಲೆ, ಆಮೇಲೆ ಕೈಗೆ ಚಿಪ್ಪು." ಉದಾಹರಣೆಗೆ ಒಕ್ಲಹೋಮ ಸಿಟಿ. ಅದೂ ಸಣ್ಣ ಊರೇ. 2019ರಲ್ಲಿ ತಮ್ಮ ಸ್ಟಾರ್ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್ ತಂಡಕ್ಕೆ ಕೊಟ್ಟು, ಶೇ ಗಿಲ್ಜಸ್ ಅಲೆಕ್ಸಾಂಡರ್ ಎಂಬ ಎಳೆ ಹುಡುಗನನ್ನೂ ಐದು ಮೊದಲ ಸುತ್ತಿನ ಪಿಕ್ಕುಗಳನ್ನೂ (ಹೊಸ ಆಟಗಾರರನ್ನು ಆರಿಸುವ ಸರದಿ) ತಂದರು. ಅದರಲ್ಲೊಂದು ಪಿಕ್ಕಿನಲ್ಲಿ 2022ಕ್ಕೆ ಜೇಲನ್ ವಿಲಿಯಮ್ಸ್ ಬಂದ. 2025ರ ಜೂನಿನಲ್ಲಿ ಲೀಗಿನ ಕಪ್ ಕೂಡ ಬಂತು.

ಕೇಳಲಿಕ್ಕೆ ಚಂದ. ಆದರೆ 2022ರ ಒಂದೇ ಬೇಸಗೆಯಲ್ಲಿ ಯೂಟಾದವರು ತಮ್ಮ ಇಬ್ಬರು ಸ್ಟಾರ್‌ಗಳಾದ ಗೊಬೇರ್‌ನನ್ನೂ ಡಾನವನ್ ಮಿಚೆಲ್‌ನನ್ನೂ ಕೊಟ್ಟು ಮೂಟೆಗಟ್ಟಲೆ ಪಿಕ್ಕು ಕಟ್ಟಿಕೊಂಡರಲ್ಲ? ಆಮೇಲೆ ಮೂರು ಸೀಸನ್ ಕಳೆದರೂ ಪ್ಲೇಆಫ್ ಮುಖ ನೋಡಲಿಲ್ಲ. ಅವರ ಕಥೆ ಯಾರೂ ಹೇಳುವುದಿಲ್ಲ.

ಮಿಲ್ವಾಕಿಯ ಲೆಕ್ಕವಂತೂ ಇನ್ನೂ ಬೇರೆ. ನಾನು ಇಪ್ಪತ್ತೆರಡು ವರ್ಷ ಸೊಸೈಟಿಯ ಸಾಲದ ಸೆಕ್ಷನ್ನಿನಲ್ಲಿ ಇದ್ದವ, ಇಂಥ ಖಾತೆ ನೋಡಿದ ಕೂಡಲೇ ಗೊತ್ತಾಗುತ್ತದೆ. 2020ರಲ್ಲಿ ಜ್ರೂ ಹಾಲಿಡೇಗಾಗಿ ನ್ಯೂ ಆರ್ಲಿನ್ಸ್‌ಗೆ, 2023ರಲ್ಲಿ ಡೇಮಿಯನ್ ಲಿಲ್ಲರ್ಡ್‌ಗಾಗಿ ಪೋರ್ಟ್‌ಲ್ಯಾಂಡಿಗೆ, ಮುಂದಿನ ವರ್ಷಗಳ ಪಿಕ್ಕುಗಳನ್ನು ಹೆಚ್ಚುಕಡಿಮೆ ಎಲ್ಲ ಅಡವಿಟ್ಟಾಗಿದೆ. ಸ್ಟಾರನ್ನು ಕೊಟ್ಟು, ಸೋತು, ಆ ಸೋಲಿನಿಂದ ಒಳ್ಳೆಯ ಪಿಕ್ಕು ಪಡೆಯುವುದು ಎಲ್ಲರೂ ಮಾಡುವ ಉಪಾಯ. ಇಲ್ಲಿ ಇವರು ಸೋತರೆ ಲಾಭ ಪಕ್ಕದವನಿಗೆ. ಮರ ನಮ್ಮದು, ಕಾಯಿ ಬೀಳುವುದು ಆಚೆಮನೆ ಅಂಗಳಕ್ಕೆ. ಇದರ ಮೇಲೆ ಲಿಲ್ಲರ್ಡ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿದ ಮೇಲೆ ಅವನನ್ನು ಬಿಟ್ಟು, ಕೊಡಬೇಕಾದ 11 ಕೋಟಿ ಚಿಲ್ಲರೆ ಡಾಲರನ್ನು ಐದು ವರ್ಷದ ಕಂತು ಮಾಡಿದ್ದಾರೆ. ಆಡದವನಿಗೆ ವರ್ಷಕ್ಕೆ 2.25 ಕೋಟಿ! ಇಂಥ ಅರ್ಜಿ ನನ್ನ ಟೇಬಲ್ಲಿಗೆ ಬಂದಿದ್ದರೆ ಜಾಮೀನುದಾರನನ್ನು ಕರೆಸುತ್ತಿದ್ದೆ.

ಹುಡುಗ ಬಿಡಲಿಲ್ಲ. "ಹಾಗಾದರೆ ಕಾದು ಪ್ರಯೋಜನ ಏನು ಸರ್?"

ಮಿಲ್ವಾಕಿಯ ಜನಸಂಖ್ಯೆ 2020ರ ಗಣತಿಯಲ್ಲಿ 5.77 ಲಕ್ಷ, ಹೆಚ್ಚುಕಡಿಮೆ ನಮ್ಮ ಊರಿನಷ್ಟೇ. ಚಳಿಗಾಲದಲ್ಲಿ ಹಿಮ. ಆಯ್ಕೆ ಇದ್ದವರು ಲಾಸ್ ಏಂಜಲೀಸಿಗೋ ಮಯಾಮಿಗೋ ಹೋಗುತ್ತಾರೆ. ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಯಾವ ಕಲಾವಿದ ಯಾವ ಮೇಳಕ್ಕೆ ಅಂತ ನಮ್ಮಲ್ಲಿ ಸುದ್ದಿ ಹಬ್ಬುತ್ತದಲ್ಲ, ಅಲ್ಲಿಯೂ ಹಾಗೆಯೇ, ದೊಡ್ಡ ಮೇಳದ ಸೆಳೆತ ದೊಡ್ಡದು. 1971ರಲ್ಲಿ ಕಪ್ ಗೆಲ್ಲಿಸಿದ ಕರೀಂ ಅಬ್ದುಲ್ ಜಬ್ಬಾರ್ ತಾನೇ ಕೇಳಿಕೊಂಡು 1975ರಲ್ಲಿ ಲಾಸ್ ಏಂಜಲೀಸಿನ ಲೇಕರ್ಸ್ ಸೇರಿದರು. ಬದಲಿಗೆ ನಾಲ್ವರು ಬಂದರು, ಕೆಟ್ಟವರೇನಲ್ಲ. ಆದರೆ ಕರೀಂ ಅಲ್ಲಿ ಐದು ಕಪ್ ಗೆದ್ದರು, ಮಿಲ್ವಾಕಿ 2021ರ ತನಕ ಕಾಯಿತು. ಐವತ್ತು ವರ್ಷ. ಆ ಬರ ನೀಗಿಸಿದವ 2013ರಲ್ಲಿ ಗ್ರೀಸಿನ ಎರಡನೇ ದರ್ಜೆಯ ಲೀಗಿನಿಂದ 15ನೇ ಪಿಕ್ಕಾಗಿ ಬಂದ ಹದಿನೆಂಟರ ಹುಡುಗ, ಇದೇ ಯಾನಿಸ್.

2021ರ ಜುಲೈ 21, ಬೆಳಿಗ್ಗೆ ಆರೂವರೆಯಿಂದ ಫೈನಲ್ಸಿನ ಕೊನೆಯ ಪಂದ್ಯ. ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು, ಒಳಗೆ ನೀರುದೋಸೆಯ ಚುಂಯ್ ಸದ್ದು. ಫೌಲಿಗೆ ಸಿಗುವ ಫ್ರೀ ಥ್ರೋಗೆ ನಿಂತರೆ ಎದುರಾಳಿ ಊರಿನವರು ಒಂದು ಎರಡು ಅಂತ ಎಣಿಸಿ ಗೇಲಿ ಮಾಡುತ್ತಿದ್ದ ಆಟಗಾರ ಆ ದಿನ 19ರಲ್ಲಿ 17 ಹಾಕಿದ. ಒಟ್ಟು 50 ಪಾಯಿಂಟ್. ಪಂದ್ಯ ಮುಗಿದಾಗ ನನ್ನ ತಟ್ಟೆಯ ದೋಸೆ ಚರ್ಮದ ಹಾಗಾಗಿತ್ತು. ಇಂಥದ್ದನ್ನು ಯಾವ ಪಿಕ್ಕಿನ ಪಟ್ಟಿಗೆ ಬದಲು ಕೊಡುವುದು? ಅವನಾಗಿ ಬಾಯಿಬಿಟ್ಟು ಕೇಳಿದರೆ ಕೊಡಿ, ಅದೂ ಅಡವಿಟ್ಟ ಪಿಕ್ಕುಗಳು ವಾಪಸು ಬರುವುದಾದರೆ. ಸುಮ್ಮನೆ ಹೆದರಿ ಕೊಡಬೇಡಿ. ಅವ ಇದ್ದು ಪ್ಲೇಆಫ್ ಮೊದಲ ಸುತ್ತಿನಲ್ಲಿ ಸೋತರೂ ನನಗೆ ಅಡ್ಡಿಯಿಲ್ಲ. 2023ರಿಂದ ಅದು ಅಭ್ಯಾಸವಾಗಿದೆ.

ಕರೆಂಟು ಬಂತು. ಹುಡುಗ ಗಡಿಬಿಡಿಯಲ್ಲಿ ಅಕ್ಷರ ಜೋಡಿಸಿ ಪ್ರೆಸ್ ಎಳೆದ. ಕವರಿಗೆ ಹಾಕಿ ಕೊಟ್ಟ. ಮನೆಯಲ್ಲಿ ಮಗಳು ಬಿಡಿಸಿ ನೋಡಿ ನಗಲಿಕ್ಕೆ ಶುರು. ಬೆನ್ನ ಮೇಲೆ ದಪ್ಪಕ್ಕೆ "ಆಂಟಿಟೊಕುಂಪೊ". ಟೆ ಹೋಗಿ ಟಿ ಆಗಿದೆ. "ಅಪ್ಪ, ಆಂಟಿ!"

ಮರುದಿನ ವಾಪಸು ಒಯ್ದೆ. ಧಣಿ ತಕರಾರು ಮಾಡಲಿಲ್ಲ, ದುಡ್ಡೂ ಕೇಳಲಿಲ್ಲ, ಅದಕ್ಕೆ ಪೂರ್ತಿ ಅಂಕ. ಆದರೆ ಸುಲಭವಾಗಿ ಕೀಳಬಹುದು ಅಂದಿದ್ದ ವಿನೈಲ್ ಕೀಳಲಿಕ್ಕೆ ಬರಲೇ ಇಲ್ಲ. ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಉಗುರಿನಲ್ಲಿ ಎಬ್ಬಿಸಿದರೂ ಅಂಟು ಹೋಗಲಿಲ್ಲ. ಕೊನೆಗೆ ಗುಡಿಸಿನ ಮೇಲೆಯೇ ಹೊಸ ಟೆ ಅಂಟಿಸಿಕೊಟ್ಟರು. ಬಿಸಿಲಲ್ಲಿ ಬೆನ್ನು ತಿರುಗಿಸಿದರೆ ಒಳಗಿನ ಗುಡಿಸು ಉಬ್ಬಿ ಕಾಣುತ್ತದೆ.

ಐದು ಒಗೆತ ಆಯಿತು. ಬಟ್ಟೆ ಬಣ್ಣ ಬಿಟ್ಟಿಲ್ಲ, ಮಳೆಗಾಲದಲ್ಲೂ ಬೇಗ ಒಣಗುತ್ತದೆ. ಕಂಕುಳ ಹತ್ತಿರ ಹೊಲಿಗೆ ಒರಟು, ಚರ್ಮ ಉಜ್ಜುತ್ತದೆ. ನಂಬರ್ ಗಟ್ಟಿ ಇದೆ, ಹೆಸರಿನಲ್ಲಿ ಕೊನೆಯ ಪೊ ಅಂಚು ಬಿಡುತ್ತಿದೆ. ಭಾನುವಾರ ಕೋರ್ಟಿನಲ್ಲಿ ಗೆಳೆಯರು ಪಾಸ್ ಕೇಳುವುದು ಆಂಟೀ ಅಂತಲೇ. ಐದಕ್ಕೆ ಮೂರೂವರೆ ಕೊಡುತ್ತೇನೆ.

ನಮ್ಮ ಸೊಸೈಟಿಯ ಕ್ರೀಡಾಕೂಟಕ್ಕೆ ಹನ್ನೆರಡು ಜೆರ್ಸಿ ಅಲ್ಲಿಯೇ ಆರ್ಡರ್ ಕೊಟ್ಟಿದ್ದೇನೆ. ಈ ಸಲ ಸಬ್ಲಿಮೇಶನ್, ನಂಬರ್ ಮಾತ್ರ. ಅಡ್ವಾನ್ಸ್ 1000 ರೂಪಾಯಿ. ರಶೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ.